‘ಸರ್ವರ್ ಇಲ್ಲ’ ಎಂಬ ಉತ್ತರ: ಅಡಚಣೆ ಯಾವ ಸ್ತರದಲ್ಲಿ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾಡಕಚೇರಿಗಳಿಗೆ ಜಾತಿ, ಆದಾಯ ಪ್ರಮಾಣಪತ್ರ ಕೋರಿ ಬರುವ ಸಾರ್ವಜನಿಕರಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ಹೊಸದಲ್ಲ. ಆದರೆ ಅಡಚಣೆಯು ಪ್ರತಿ ಬಾರಿಯೂ ಸರ್ವರ್‌ನಲ್ಲಿಯೇ ಇರುವುದಿಲ್ಲ.

1984ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾದರಿಯು ಗಣಕಯಂತ್ರಗಳ ಸಂವಹನವನ್ನು 7 ಸ್ತರಗಳಾಗಿ ವಿಂಗಡಿಸಿದೆ. ಕೇಬಲ್ ಮತ್ತು ಹಬ್ ಮೊದಲನೆಯ ಸ್ತರದವು. ಸಂಕೇತವನ್ನು ಸಾಗಿಸುತ್ತವೆಯೇ ಹೊರತು ವಿಳಾಸವನ್ನು ಓದುವುದಿಲ್ಲ. ಎರಡನೆಯ ಸ್ತರದ ಸ್ವಿಚ್, ಕಚೇರಿಯೊಳಗಿನ ಯಂತ್ರಗಳನ್ನು ಮ್ಯಾಕ್ ವಿಳಾಸದಿಂದ ಗುರುತಿಸುತ್ತದೆ. ಮೂರನೆಯ ಸ್ತರದ ರೂಟರ್, ಐಪಿ ವಿಳಾಸವನ್ನು ಆಧರಿಸಿ ಮಾಹಿತಿಯನ್ನು ಕಚೇರಿಯ ಹೊರಗೆ ರವಾನಿಸುತ್ತದೆ. ಅರ್ಜಿ ದಾಖಲಿಸುವ ತಂತ್ರಾಂಶದ ವ್ಯವಹಾರ 7ನೆಯ ಸ್ತರದ್ದು.

ಒಂದೇ ಗಣಕಯಂತ್ರ ಸ್ಥಗಿತಗೊಂಡಲ್ಲಿ ಕೇಬಲ್ ಅಥವಾ ಸ್ವಿಚ್ಚನ್ನು ಪರಿಶೀಲಿಸತಕ್ಕದ್ದು. ಇಡೀ ಕಚೇರಿ ಸ್ಥಗಿತಗೊಂಡು ನೆರೆಯ ತಾಲ್ಲೂಕಿನಲ್ಲಿ ಕೆಲಸ ನಡೆಯುತ್ತಿದ್ದಲ್ಲಿ ರೂಟರ್ ಇಲ್ಲವೇ ಸಂಪರ್ಕಮಾರ್ಗವನ್ನು. ನಾಲ್ಕೂ ತಾಲ್ಲೂಕುಗಳಲ್ಲಿ ಏಕಕಾಲಕ್ಕೆ ನಿಂತಾಗಲೇ ಸರ್ವರ್ ಅಥವಾ ಮೇಲಿನ ಜಾಲವನ್ನು ಶಂಕಿಸುವುದು ಯುಕ್ತ.

ಇದು ಕೇವಲ ತಾಂತ್ರಿಕ ವಿಚಾರವಲ್ಲ. 2012ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ ಕಾಲಮಿತಿಯ ಎಣಿಕೆ ಅರ್ಜಿ ಸಲ್ಲಿಕೆಯಿಂದ ಆರಂಭ. ಕೂಲಿ ಬಿಟ್ಟು ಕಾಡಂಚಿನ ಹಾಡಿಯಿಂದ ಬಂದು, ಅರ್ಜಿ ದಾಖಲಾಗದೆ ಹಿಂತಿರುಗಿದವರ ದಿನ ಯಾವ ಲೆಕ್ಕಕ್ಕೂ ಸೇರದು. ದೋಷವು ಕಚೇರಿಯ ಸ್ವಿಚ್ ಅಥವಾ ರೂಟರ್‌ನಲ್ಲಿದ್ದರೆ ನಾಡಕಚೇರಿ ಜಾಲತಾಣದಲ್ಲಿ ಮೊಬೈಲ್ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಸರ್ವರ್ ಸ್ಥಗಿತಗೊಂಡಿದ್ದರೆ ಆ ಮಾರ್ಗವೂ ಮುಚ್ಚಿರುತ್ತದೆ.