ಸೀಟಿ ಹಿಡಿದವರ ಪ್ರಾರ್ಥನೆ

ಅಮೆರಿಕೆಯ ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ ಬ್ರೆಮರ್ಟನ್ ಎಂಬ ಊರುಂಟು. ನೌಕಾಪಡೆಯ ಹಡಗು ಕಾರಖಾನೆಯನ್ನು ನಂಬಿ ಬೆಳೆದ ಊರು, ನಮ್ಮಂತೆ ದುಡಿದು ತಿನ್ನುವವರ ಊರು. ಅಲ್ಲಿಯ ಸರ್ಕಾರಿ ಹೈಸ್ಕೂಲಿನಲ್ಲಿ ಜೋಸೆಫ್ ಕೆನಡಿ ಎಂಬುವರು 2008ರಿಂದ ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರರಾಗಿದ್ದರು. ಪಂದ್ಯ ಮುಗಿದೊಡನೆ ಬಯಲಿನ ನಟ್ಟನಡುವೆ ಮಂಡಿಯೂರಿ ದೇವರಿಗೆ ಕೃತಜ್ಞತೆ ಹೇಳುವುದು ಅವರ ಪದ್ಧತಿ. ಮೊದಮೊದಲು ಒಬ್ಬರೇ. ಬರಬರುತ್ತ ಹುಡುಗರೂ ಸುತ್ತ ನೆರೆದರು.

2015ರಲ್ಲಿ ಶಾಲಾ ಮಂಡಲಿ ಆಕ್ಷೇಪಿಸಿತು. ಪ್ರಾರ್ಥಿಸಬೇಡಿ ಎನ್ನಲಿಲ್ಲ, ಹುಡುಗರ ಕಣ್ಣೆದುರಿಗೆ ಬೇಡ, ಬೇರೆ ಜಾಗ ಕೊಡುತ್ತೇವೆ ಎಂದಿತು. ಕೆನಡಿಯವರು ಒಪ್ಪಲಿಲ್ಲ. ಆ ಅಕ್ಟೋಬರಿನಲ್ಲಿ ಇನ್ನೂ ಮೂರು ಪಂದ್ಯಗಳ ಕೊನೆಗೆ ಅಲ್ಲಿಯೇ ಮಂಡಿಯೂರಿದರು. ಮಂಡಲಿ ಅವರನ್ನು ಸಂಬಳ ಸಹಿತ ರಜೆಯ ಮೇಲೆ ಕಳಿಸಿತು. ಮೊಕದ್ದಮೆ ವರ್ಷಗಟ್ಟಲೆ ನಡೆದು, 2022ರ ಜೂನ್ 27ರಂದು ಅಲ್ಲಿಯ ಸುಪ್ರೀಂ ಕೋರ್ಟು ಆರು ಮಂದಿಯ ಬಹುಮತದಿಂದ ಕೆನಡಿಯವರ ಪರವಾಗಿ ತೀರ್ಪಿತ್ತಿತು. ಮೂವರು ನ್ಯಾಯಮೂರ್ತಿಗಳು ಭಿನ್ನಮತ ಬರೆದರು. ಸರ್ಕಾರ ಬರೆದುಕೊಟ್ಟ ಪ್ರಾರ್ಥನೆ ಶಾಲೆಯಲ್ಲಿ ಸಲ್ಲದೆಂದು 1962ರಲ್ಲಿಯೂ, ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ವಿದ್ಯಾರ್ಥಿಯೊಬ್ಬ ಧ್ವನಿವರ್ಧಕದಲ್ಲಿ ಪ್ರಾರ್ಥನೆ ಹೇಳಿಸುವುದೂ ಸಲ್ಲದೆಂದು 2000ದಲ್ಲಿಯೂ ಹೇಳಿದ್ದು ಇದೇ ಕೋರ್ಟು.

ಬಹುಮತದವರ ವಾದವನ್ನು ಹಗುರವಾಗಿ ತೆಗೆದುಹಾಕಬಾರದು. ಆಟ ಮುಗಿದ ಆ ಎರಡು ನಿಮಿಷದಲ್ಲಿ ಬೇರೆ ತರಬೇತುದಾರರು ಫೋನು ನೋಡಬಹುದು, ಗೆಳೆಯರೊಡನೆ ಹರಟಬಹುದು. ಇವರೊಬ್ಬರು ದೇವರನ್ನು ನೆನೆದರೆ ತಪ್ಪೇನು? ಅದು ಅವರ ಸ್ವಂತ ಪ್ರಾರ್ಥನೆ, ಯಾರನ್ನೂ ಬಲವಂತ ಮಾಡಿದ್ದಕ್ಕೆ ಸಾಕ್ಷಿಯಿಲ್ಲ ಎಂದರು. ಕೇಳಲು ನ್ಯಾಯವಾಗಿಯೇ ಇದೆ. ದೇವರನ್ನು ನೆನೆಯುವವರೊಡನೆ ನಮಗೆ ಜಗಳವೂ ಇಲ್ಲ. ನನ್ನ ತಾಯಿ ದೀಪ ಹಚ್ಚದೆ ಊಟಕ್ಕೆ ಕೂರುವವಳಲ್ಲ.

ಆದರೆ ಬಲವಂತ ಎಂದರೇನೆಂಬುದನ್ನು ಗಿರಣಿಯ ಬದಲಿ ಕೂಲಿಗಾರನನ್ನು ಕೇಳಬೇಕು. ಬೆಳಿಗ್ಗೆ ಗೇಟಿನ ಮುಂದೆ ನಿಂತವರಲ್ಲಿ ಇಂದು ಯಾರಿಗೆ ಕೆಲಸ ಎಂದು ಬೆರಳು ತೋರಿಸುವಾತ ಜಾಬರ್. ಆತ 'ಮನೆಯಲ್ಲಿ ಸತ್ಯನಾರಾಯಣ ಪೂಜೆ, ಬಂದರೆ ಬನ್ನಿ, ಬಲವಂತವಿಲ್ಲ' ಎಂದ ಮೇಲೆ ಹೋಗದೆ ಉಳಿಯುವ ಬದಲಿ ಯಾರು? ವ್ಯಾಪಾರಿ ಬಂಧುಗಳಿಗೂ ಗೊತ್ತು: ತೆರಿಗೆ ಸಾಹೇಬರು ಉತ್ಸವದ ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಬಂದರೆ, ಕೊಡುವ ಚಂದಾ ದೇವರಿಗೋ ಸಾಹೇಬರಿಗೋ? ಬ್ರೆಮರ್ಟನ್ನಿನ ಒಬ್ಬ ತಂದೆ ಹೇಳಿದ್ದೂ ಇದನ್ನೇ. ಅವನ ಮಗ ನಾಸ್ತಿಕ. ಸೇರದಿದ್ದರೆ ಆಡಲು ಅವಕಾಶ ಕಡಿಮೆಯಾದೀತೆಂದು ಸೇರುತ್ತಿದ್ದ. ಹನ್ನೊಂದು ಮಂದಿಯನ್ನು ಆರಿಸುವ ಬೆರಳು ಮಂಡಿಯೂರಿದಾಗ ಹುಡುಗರು ಲೆಕ್ಕ ಹಾಕಿಯೇ ಹಾಕುತ್ತಾರೆ. ಬೆಂಚಿನ ಮೇಲೆ ಕೂರುವುದೆಂದರೆ ಆ ವಯಸ್ಸಿನಲ್ಲಿ ಸಾಮಾನ್ಯ ಶಿಕ್ಷೆಯಲ್ಲ.

ನಮ್ಮ ಸಂವಿಧಾನದ 28ನೆಯ ವಿಧಿಯಲ್ಲಿ, ಮಾನ್ಯತೆ ಅಥವಾ ಸರ್ಕಾರದ ಹಣ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಪೂಜೆ ಪ್ರಾರ್ಥನೆಗೆ ಹಾಜರಾಗಲು ಕಟ್ಟಿಹಾಕುವಂತಿಲ್ಲ ಎಂದಿದೆ. ಒಪ್ಪಿಗೆ ಎಂಬ ಆ ಮಾತಿನಲ್ಲಿಯೇ ತೊಡಕೆಲ್ಲ ಇರುವುದು. ಇದನ್ನು ಬರೆಯುವ ನಾನೇ ಶುದ್ಧನಲ್ಲ.

ಮೇಷ್ಟ್ರಾಗಿದ್ದಾಗ ಸೀಟಿ ನನ್ನ ಕೊರಳಲ್ಲಿತ್ತು. ತಾಲ್ಲೂಕು ಪಂದ್ಯಕ್ಕೆ ಹೊರಡುವ ಮುನ್ನ ಕಬಡ್ಡಿ ತಂಡವನ್ನು ಹನುಮಂತನ ಗುಡಿಗೆ ಕರೆದೊಯ್ದು ಕಾಯಿ ಒಡೆಸುತ್ತಿದ್ದೆ. ಬರಲೇಬೇಕೆಂದು ಯಾರಿಗೂ ಹೇಳಿದವನಲ್ಲ. ತಂಡದ ಮುಖ್ಯ ರೈಡರ್ ಒಬ್ಬ ನೇಕಾರ ಸಾಬರ ಹುಡುಗ. ಅವನೂ ಬಂದ, ಎಲ್ಲರಂತೆ ಹಣೆಯೊಡ್ಡಿ ಕುಂಕುಮ ಇಡಿಸಿಕೊಂಡ. ಎಂಥ ಐಕಮತ್ಯ ಎಂದು ನಾನು ಬೀಗಿದೆ, ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ ಸಹ. ಗೆದ್ದು ಬಂದ ಸಂಜೆ ಶಾಲೆಯ ನಲ್ಲಿಯ ಬಳಿ ಅವನು ಹಣೆಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದುದನ್ನು ಕಂಡೆ. ನನ್ನನ್ನು ನೋಡಿ ಬೆಚ್ಚಿದ. 'ಬೆವರು, ಸಾರ್' ಎಂದ.

ಮರು ವರ್ಷವೂ ಗುಡಿಗೆ ಕರೆದೊಯ್ದೆ. ಅವನೂ ಬಂದ.