ಎಎನ್‌ಎ ಪಾಸಿಟಿವ್ ಅಂದಮಾತ್ರಕ್ಕೆ ಲೂಪಸ್ಸೇ?

ಕೀಲುನೋವು, ಬಿಟ್ಟೂಬಿಡದ ಜ್ವರ, ಸುಸ್ತು. ಇವುಗಳಲ್ಲಿ ಯಾವುದೊಂದನ್ನು ಹೇಳಿಕೊಂಡು ಆಸ್ಪತ್ರೆಗೆ ಹೋದರೂ ಲ್ಯಾಬ್ ಚೀಟಿಯಲ್ಲಿ ಎಎನ್‌ಎ ಎಂಬ ಮೂರಕ್ಷರ ಬಂದು ಕೂರುವುದು ಈಗ ಮಾಮೂಲಾಗಿದೆ. ಕೆಲವು ‘ಆರ್ಥ್ರೈಟಿಸ್ ಪ್ರೊಫೈಲ್’ ಪ್ಯಾಕೇಜುಗಳಲ್ಲಂತೂ ಯಾರೂ ಕೇಳದೆಯೇ ಅದು ಸೇರಿಕೊಂಡಿರುತ್ತದೆ. ಸಂಜೆ ವಾಟ್ಸ್‌ಆ್ಯಪ್‌ಗೆ ವರದಿ ಬರುತ್ತದೆ, ದಪ್ಪಕ್ಷರದಲ್ಲಿ ‘ಪಾಸಿಟಿವ್’ ಎಂದು. ವೈದ್ಯರನ್ನು ಮತ್ತೆ ಕಾಣುವಷ್ಟರಲ್ಲಿ ಮನೆಮಂದಿಯೆಲ್ಲ ಮೊಬೈಲಿನಲ್ಲಿ ಹುಡುಕಿ ಲೂಪಸ್ ಎಂಬ ಹೆಸರು ಓದಿ ಹೆದರಿರುತ್ತಾರೆ. ಪರೀಕ್ಷೆ ಒಳ್ಳೆಯದೇ. ಯಾರಿಗೆ, ಯಾವಾಗ ಬರೆಯಬೇಕು ಎಂಬ ವಿವೇಚನೆ ಕೈಬಿಟ್ಟಿರುವುದೇ ತೊಂದರೆ.

ಸೋಂಕಿನ ವಿರುದ್ಧ ಕಾದಾಡಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಸ್ವಂತ ಜೀವಕೋಶಗಳ ಮೇಲೆಯೇ ಎರಗುವ ಕಾಯಿಲೆ ಲೂಪಸ್. ಚರ್ಮ, ಕೀಲು, ಮೂತ್ರಪಿಂಡ, ರಕ್ತ, ಮೆದುಳು ಯಾವುದನ್ನೂ ಅದು ಬಿಟ್ಟಿಲ್ಲ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಮಕ್ಕಳನ್ನು ಹೆರುವ ವಯಸ್ಸಿನವರು. ಜೀವಕೋಶದ ನ್ಯೂಕ್ಲಿಯಸ್ಸಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿವೆಯೇ ಎಂದು ನೋಡುವುದೇ ಎಎನ್‌ಎ ಪರೀಕ್ಷೆ. 1957ರಿಂದ ಬಳಕೆಯಲ್ಲಿರುವ ಹೊಳಪಿನ ತಂತ್ರ ಇದು. ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳಿಗೆ ರೋಗಿಯ ಸೀರಮ್ ಹಾಕಿ, ಹೊಳೆಯುವ ಬಣ್ಣ ಸೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೀರಮ್ಮನ್ನು ತೆಳುವಾಗಿಸುತ್ತ ಹೋದಂತೆ ಎಲ್ಲಿಯವರೆಗೆ ಹೊಳಪು ಉಳಿಯಿತು ಎನ್ನುವುದನ್ನು 1:80, 1:160, 1:320 ಎಂದು ಬರೆಯುತ್ತಾರೆ. ಇದೇ ಟೈಟರ್.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಈ ಅಂಕಿಯನ್ನು. 1997ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಆರೋಗ್ಯವಂತರಲ್ಲೇ 1:40ರ ಮಟ್ಟದಲ್ಲಿ ಸುಮಾರು ಶೇ 32, 1:80ರಲ್ಲಿ ಶೇ 13, 1:160ರಲ್ಲಿ ಶೇ 5ರಷ್ಟು ಮಂದಿ ಪಾಸಿಟಿವ್ ಬಂದಿದ್ದರು. ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷ ಜನರಿರುವ ಊರಿನಲ್ಲಿ ಧಾರಾಳವಾಗಿ ನೂರು ಮಂದಿಗೆ ಲೂಪಸ್ ಇದೆ ಎಂದಿಟ್ಟುಕೊಳ್ಳಿ. ಊರಿಗೆ ಊರನ್ನೇ ಪರೀಕ್ಷಿಸಿದರೆ 1:80ರಲ್ಲಿ ಆ ನೂರರಲ್ಲಿ ಬಹುತೇಕ ಎಲ್ಲರೂ ಸಿಗುತ್ತಾರೆ, ಅವರ ಜೊತೆಗೆ ಕಾಯಿಲೆಯೇ ಇಲ್ಲದ ಸುಮಾರು ಹದಿಮೂರು ಸಾವಿರ ಮಂದಿಯೂ. ವಯಸ್ಸಾದವರಲ್ಲಿ, ಥೈರಾಯ್ಡ್ ತೊಂದರೆಯವರಲ್ಲಿ, ಕೆಲವು ಸೋಂಕುಗಳ ನಂತರ, ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್‌ನಂಥ ಮಾತ್ರೆ ನುಂಗುವವರಲ್ಲಿ ಕೂಡ ಎಎನ್‌ಎ ಕಾಣಿಸಬಹುದು. 2006ರಲ್ಲಿ ಚಿಕೂನ್‌ಗುನ್ಯಾ ಹಬ್ಬಿದ ಮೇಲೆ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡು ನರಳಿದ ನಮ್ಮ ರಾಜ್ಯದಲ್ಲಿ, ಕೀಲುನೋವೆಂದ ಕೂಡಲೇ ಈ ಪರೀಕ್ಷೆ ಬರೆದರೆ ಸುಳ್ಳು ಭಯ ಎಷ್ಟು ಹುಟ್ಟೀತು, ಯೋಚಿಸಿ.

ಅದೇ 1:320, ಬೆಳಿಗ್ಗೆ ಎದ್ದಾಗ ಬೆರಳಿನ ಕೀಲುಗಳು ಊದಿಕೊಂಡಿರುವ, ಬಿಸಿಲಿಗೆ ಹೋದರೆ ಮುಖ ಕೆಂಪಾಗುವ, ಬಾಯಲ್ಲಿ ಹುಣ್ಣಿರುವ ಇಪ್ಪತ್ತೈದರ ಹೆಣ್ಣುಮಗಳ ವರದಿಯಲ್ಲಿ ಬಂದರೆ ಅದರ ತೂಕವೇ ಬೇರೆ. ಅಂಕಿಗೆ ಅರ್ಥ ಕೊಡುವುದು ರೋಗಿಯ ಮೈಮೇಲಿನ ಲಕ್ಷಣ.

ಎಎನ್‌ಎಯ ನಿಜವಾದ ಬಲ ಇರುವುದು ನೆಗೆಟಿವ್‌ನಲ್ಲಿ. ಹೊಳಪಿನ ವಿಧಾನದಲ್ಲಿ ಸರಿಯಾಗಿ ಮಾಡಿ ನೆಗೆಟಿವ್ ಬಂದರೆ ಲೂಪಸ್ ಇರುವ ಸಾಧ್ಯತೆ ತೀರಾ ಕಡಿಮೆ. ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಘಗಳು 2019ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ 1:80ರ ಎಎನ್‌ಎ ಬರೀ ಹೊಸ್ತಿಲು. ಅದಕ್ಕೆ ಒಂದು ಅಂಕವೂ ಇಲ್ಲ. ಒಳಗೆ ಬಂದ ಮೇಲೆ ಲಕ್ಷಣಗಳಿಗೆ, ಉಳಿದ ಪರೀಕ್ಷೆಗಳಿಗೆ ಅಂಕ ಸೇರಿ ಕನಿಷ್ಠ ಹತ್ತಾಗಬೇಕು, ಅದರಲ್ಲಿ ಒಂದಾದರೂ ದೈಹಿಕ ಲಕ್ಷಣ ಇರಲೇಬೇಕು. ಬರೀ ರಕ್ತದ ವರದಿಯಿಂದ ಯಾರೂ ಲೂಪಸ್ ರೋಗಿ ಆಗಲಾರರು. (ಈ ಅಂಕಪಟ್ಟಿಯನ್ನು ಮಾಡಿದ್ದು ಸಂಶೋಧನೆಗೆಂದು, ರೋಗಿಗಳು ಮನೆಯಲ್ಲಿ ಕೂಡಿಸಿ ನೋಡಲಿ ಎಂದಲ್ಲ.)

ಪಾಸಿಟಿವ್ ಬಂದು, ಲಕ್ಷಣಗಳೂ ಇದ್ದರೆ ಮುಂದಿನ ಸುತ್ತು. ಡಬಲ್ ಸ್ಟ್ರ್ಯಾಂಡೆಡ್ ಡಿಎನ್‌ಎ ಮತ್ತು ಸ್ಮಿತ್ ಪ್ರತಿಕಾಯಗಳು ಲೂಪಸ್ ಕಡೆಗೇ ಬಲವಾಗಿ ಬೊಟ್ಟು ಮಾಡುತ್ತವೆ, ಆದರೆ ಎಲ್ಲ ರೋಗಿಗಳಲ್ಲೂ ಸಿಗುವುದಿಲ್ಲ. ಮೊದಲನೆಯದು ಏರುತ್ತ, ಸಿ3, ಸಿ4 ಎಂಬ ಪ್ರೋಟೀನುಗಳು ಇಳಿಯುತ್ತ ಹೋದರೆ ಮೂತ್ರಪಿಂಡದ ಕಡೆ ಕಣ್ಣಿಡಬೇಕು. ರೋ ಪ್ರತಿಕಾಯದ ವಿಷಯ ಗರ್ಭಿಣಿಯರಿಗೆ ಮುಖ್ಯ. ಅದು ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ಹೃದಯದ ವಿದ್ಯುತ್ ದಾರಿಯನ್ನೇ ಕೆಡಿಸಬಹುದು. ಇಂಥ ತಾಯಂದಿರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಮೊದಲೇ ಗೊತ್ತಿದ್ದರೆ ಮಗುವಿನ ಎದೆಬಡಿತದ ಮೇಲೆ ನಿಗಾ ಇಡಬಹುದು.

ಫಾಸ್ಫೊಲಿಪಿಡ್ ವಿರುದ್ಧದ ಪ್ರತಿಕಾಯಗಳದ್ದು ಇನ್ನೊಂದು ಪೇಚು. ಅವು ರಕ್ತ ಹೆಪ್ಪುಗಟ್ಟಿಸುತ್ತವೆ, ಗರ್ಭ ನಿಲ್ಲದಂತೆ ಮಾಡುತ್ತವೆ. ಸಾಲದ್ದಕ್ಕೆ, ಸಿಫಿಲಿಸ್ ಎಂಬ ಲೈಂಗಿಕ ರೋಗದ ಪತ್ತೆಗೆ ಬಸುರಿಯರಿಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತೋರಿಸುತ್ತವೆ. ಆ ಪರೀಕ್ಷೆಯಲ್ಲಿ ಬಳಸುವುದೂ ಕಾರ್ಡಿಯೊಲಿಪಿನ್ ಎಂಬ ಫಾಸ್ಫೊಲಿಪಿಡ್ಡನ್ನೇ. ಸಿಫಿಲಿಸ್ ಎಂದು ಕೇಳಿಸಿಕೊಂಡ ಗಂಡನ ಮನೆಯಲ್ಲಿ ಆ ಹೆಣ್ಣಿನ ಗತಿ ಏನಾಗಬಹುದು? ಖಚಿತಪಡಿಸುವ ಎರಡನೇ ಪರೀಕ್ಷೆ ಆಗುವವರೆಗೆ ಬಾಯಿ ಬಿಗಿಹಿಡಿಯುವುದೂ ವೈದ್ಯಕೀಯವೇ.

ಹಾಗೆಂದು ಪಾಸಿಟಿವ್ ವರದಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಅಮೆರಿಕದ ಸೇನೆ ಕಾಪಿಟ್ಟಿದ್ದ ಹಳೆಯ ಸೀರಮ್ ಮಾದರಿಗಳನ್ನು ಮುಂದೆ ಲೂಪಸ್ ಬಂದ 130 ಮಂದಿಯ ಮಟ್ಟಿಗೆ ತೆಗೆದು ನೋಡಿದಾಗ, ಶೇ 88ರಷ್ಟು ಮಂದಿಯಲ್ಲಿ ರೋಗ ಪತ್ತೆಯಾಗುವ ಮೊದಲೇ, ಕೆಲವರಲ್ಲಿ ಒಂಬತ್ತು ವರ್ಷಗಳಷ್ಟು ಮುಂಚೆಯೇ, ಒಂದಲ್ಲ ಒಂದು ಪ್ರತಿಕಾಯ ಸಿಕ್ಕಿತ್ತು. 2003ರಲ್ಲಿ ಪ್ರಕಟವಾದ ಅಧ್ಯಯನ ಇದು. ಆದರೆ ಇದು ಕಾಯಿಲೆ ಬಂದವರ ಹಿಂದಿನ ಕಥೆ. ಪಾಸಿಟಿವ್ ಇದ್ದೂ ಎಂದೂ ಕಾಯಿಲೆ ಬೀಳದವರೇ ಎಷ್ಟೋ ಹೆಚ್ಚು. ಲಕ್ಷಣ ಇಲ್ಲದವರಿಗೆ ಸ್ಟಿರಾಯ್ಡ್ ಶುರು ಮಾಡುವುದಕ್ಕೂ, ಆರು ತಿಂಗಳಿಗೊಮ್ಮೆ ಎಎನ್‌ಎ ಮಾಡಿಸುತ್ತ ಹೋಗುವುದಕ್ಕೂ ಆಧಾರವಿಲ್ಲ. ರೋಗದ ಏರಿಳಿತವನ್ನು ಎಎನ್‌ಎ ಹೇಳುವುದೇ ಇಲ್ಲ.

ಈ ಗದ್ದಲದಲ್ಲಿ ಹಿಂದೆ ಸರಿದಿರುವುದು ಅಗ್ಗದ ಮೂತ್ರ ಪರೀಕ್ಷೆ. ಲೂಪಸ್ ಮೂತ್ರಪಿಂಡಕ್ಕೆ ಇಳಿದಾಗ ಮೊದಮೊದಲು ನೋವಿರುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರುವುದೇ ಸುಳಿವು. ಹಾಗೆಯೇ ನಮ್ಮ ಕಂದು ಚರ್ಮದ ಮೇಲೆ ಕೆನ್ನೆಯ ಕೆಂಪು ಕಪ್ಪಾಗಿ ಕಾಣಿಸಿ, ಬಂಗು ಎಂದುಕೊಂಡು ಕ್ರೀಮು ಹಚ್ಚುತ್ತ ಕಾಲ ಕಳೆದುಹೋಗುತ್ತದೆ. ಪ್ರತಿಕಾಯಗಳ ಇಡೀ ಪ್ಯಾನೆಲ್ ಬರೆಯುವ ಮೊದಲು ಕೆನ್ನೆ ನೋಡಲು, ಬಾಯಿ ತೆರೆಸಲು, ಬೆರಳು ಒತ್ತಲು ಹತ್ತು ನಿಮಿಷ ಸಾಕು.

ಲ್ಯಾಬುಗಳು ಮಾಡಬಹುದಾದದ್ದೂ ಇದೆ. ಪ್ಯಾಕೇಜಿನಿಂದ ಎಎನ್‌ಎ ಕಿತ್ತುಹಾಕಲಿ. ಬರೀ ‘ಪಾಸಿಟಿವ್’ ಎಂದು ಬರೆಯದೆ ಟೈಟರ್, ಹೊಳಪಿನ ವಿನ್ಯಾಸ, ಬಳಸಿದ ವಿಧಾನ ಮೂರನ್ನೂ ಅಚ್ಚು ಹಾಕಲಿ, ಆ ಮಟ್ಟದಲ್ಲಿ ಎಷ್ಟು ಮಂದಿ ಆರೋಗ್ಯವಂತರು ಪಾಸಿಟಿವ್ ಬರುತ್ತಾರೆ ಎಂಬ ಒಂದು ಸಾಲನ್ನೂ ಅದರ ಕೆಳಗೇ ಕನ್ನಡದಲ್ಲಿ ಕೊಡಲಿ.