ಸೋದರಿಯರೊಡನೆ ಎರಡು ಮಾತು: ರಾತ್ರಿ ಪಾಳಿಯ ವಿದ್ಯಾರ್ಥಿನಿ



ಕಳೆದ ಸಂಚಿಕೆಯ ಹಪ್ಪಳದ ಮಾತಿಗೆ ಬಂದ ಕಾಗದಗಳ ನಡುವೆ ಒಂದು ಬೇರೆಯೇ ಬಗೆಯದಾಗಿತ್ತು. ಪುಣೆಯಲ್ಲಿ ನರ್ಸಾಗಿರುವ ನಮ್ಮ ಕಡೆಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ಅಕ್ಕಾ, ನೌಕರಿ ಬಿಡದೆ, ಫೋನಿನ ಮೇಲೆಯೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಬಹುದಂತೆ. ಹಣ ಕಟ್ಟಲೇ?"

ಓದಿ ನನ್ನ ಎದೆ ಝಲ್ಲೆಂದಿತು. ನಾಲ್ಕು ವರ್ಷಗಳ ಹಿಂದೆ ಅದೇ ಹೊಂಡದ ದಂಡೆಯ ಮೇಲೆ ನಾನೂ ನಿಂತಿದ್ದೆನಲ್ಲ!

ಹುಬ್ಬಳ್ಳಿಯಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದವಳು ನಾನು. ಕೆಲಸದಲ್ಲಿ ಇಪ್ಪತ್ತು ವರ್ಷ ಸವೆದರೂ ಪದವಿಯಿಲ್ಲದ್ದರಿಂದ ಬಡ್ತಿಯ ಬಾಗಿಲು ತೆರೆಯಲಿಲ್ಲ. ಆಗ ದಲಾಲಿಯೊಬ್ಬ ಸಿಕ್ಕ. ಒಂದೇ ವರ್ಷ, ಹಾಜರಿ ಬೇಡ, ಪರೀಕ್ಷೆಯೂ ಮನೆಯಲ್ಲೇ ಎಂದ. ಬಳೆ ಅಡವಿಡಲು ಹೊರಟಾಗ ನಮ್ಮ ಅತ್ತೆ ಕೇಳಿದರು: "ರೋಗೀನ ಮುಟ್ಟದ ಕಲಿಸ್ತಾರೇನವಾ? ರೊಟ್ಟಿ ಬಡಿಯೋದನ್ನ ಕಾಗದದಾಗ ಬರದು ಕಲಿಸಿಧಂಗಾತು!"

ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರ ಮಾತು ಕಾಯಿದೆಯ ಮಾತೂ ಆಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಗಳು ವೈದ್ಯ, ದಂತವೈದ್ಯಗಳಂತೆ ನರ್ಸಿಂಗನ್ನೂ ಆನ್‌ಲೈನ್ ಪದವಿಯಾಗಿ ನಡೆಸಗೊಡುವುದಿಲ್ಲ. ಅಮೆರಿಕದಲ್ಲಿ ನೋಂದಾಯಿತ ನರ್ಸುಗಳಿಗೆ ಮೇಲಿನ ಪದವಿಯ ಪಾಠ ಆನ್‌ಲೈನಿನಲ್ಲಿ ಸಿಗುವುದುಂಟು. ಆದರೆ ಅಲ್ಲಿಯೂ ನರ್ಸ್ ಪ್ರಾಕ್ಟೀಷನರ್ ಆಗಬೇಕಾದವಳು ನಿಗದಿಯಾದಷ್ಟು ತಾಸು ರೋಗಿಗಳ ಬಳಿ ಕಲಿಯಲೇಬೇಕು.

ಹಾಗಾದರೆ ದುಡಿಯುವವಳಿಗೆ ದಾರಿಯೇ ಇಲ್ಲವೆ? ಇದೆ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಕೆಲಸದಲ್ಲಿರುವ ನರ್ಸುಗಳಿಗೆಂದೇ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನಡೆಸಿಕೊಂಡು ಬಂದಿದೆ. ಡಿಪ್ಲೊಮಾ, ನೋಂದಣಿ, ಅನುಭವ ಇದ್ದವರು ಪ್ರವೇಶ ಪರೀಕ್ಷೆ ಬರೆಯಬೇಕು. ಕಾಲೇಜಿನಲ್ಲಿ ಎರಡು ವರ್ಷದ್ದು ಇಲ್ಲಿ ಮೂರು ವರ್ಷ. ಪುಸ್ತಕ ಮನೆಯಲ್ಲಿ ಓದಿದರೂ ಕೈಕೆಲಸ ಮಾತ್ರ ಕೇಂದ್ರದಲ್ಲಿ, ಗುರುಗಳ ಕಣ್ಣೆದುರಿಗೇ.

ಬಳೆ ಕೈಯಲ್ಲೇ ಉಳಿಯಿತು. ನಾನು ಆ ದಾರಿ ಹಿಡಿದೆ. ಸುಖವಾಗಿತ್ತೆಂದು ಹೇಳಲಾರೆ. ರಾತ್ರಿ ಪಾಳಿ ಮುಗಿಸಿ ಲೋಕಲ್ಲಿನಲ್ಲಿ ಪುಸ್ತಕ ತೆರೆದವಳು ಡೊಂಬಿವಲಿಯಲ್ಲಿ ಇಳಿಯದೆ ಕಸಾರಾದಲ್ಲಿ ಎಚ್ಚತ್ತದ್ದುಂಟು. ಎರಡು ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋಗಲಿಲ್ಲ. ಮಗನ ಹತ್ತನೆಯ ತರಗತಿ, ನನ್ನ ಎರಡನೆಯ ವರ್ಷ. ಒಂದೇ ದೀಪದಡಿ ಇಬ್ಬರೂ ತೂಕಡಿಸಿದೆವು.

ಆದರೆ ಒಂದು ದಿನವನ್ನು ಮರೆಯಲಾರೆ. ಕೇಂದ್ರದಲ್ಲಿ ರೋಗಿಯ ರಕ್ತದ ಒತ್ತಡ ನೋಡುತ್ತಿದ್ದೆ. ಇಪ್ಪತ್ತು ವರ್ಷದ ಕೈ, ಯಾರ ಭಯ? ನನಗಿಂತ ಚಿಕ್ಕ ವಯಸ್ಸಿನ ಗುರುಗಳು ಮೆಲ್ಲನೆ ರೋಗಿಯ ತೋಳನ್ನೆತ್ತಿ, ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿದರು. ತೋಳು ಜೋತುಬಿದ್ದಿದ್ದರೆ, ಇಲ್ಲವೆ ಕಟ್ಟಿದ ಪಟ್ಟಿ ಚಿಕ್ಕದಾಗಿದ್ದರೆ, ಒತ್ತಡ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ವಿದ್ಯಾರ್ಥಿನಿಯಾಗಿದ್ದಾಗ ಕಲಿತದ್ದೇ, ಅವಸರದ ವಾರ್ಡುಗಳಲ್ಲಿ ಕೈ ಅದನ್ನು ಮರೆತಿತ್ತು. ಎಷ್ಟು ಮಂದಿಗೆ ತಪ್ಪು ಅಂಕಿ ಬರೆದೆನೋ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ. ಫೋನಿನ ಪಾಠ ನನ್ನ ಆ ತಪ್ಪನ್ನು ಹಿಡಿಯುತ್ತಿತ್ತೆ?

ಆದ್ದರಿಂದ, ಪುಣೆಯ ತಂಗಿ, ಈಗಲೇ ಹಣ ಕಟ್ಟಬೇಡ. ಮೊದಲು ಈ ವರ್ಷದ ಪ್ರಕಟಣೆಯನ್ನು ವಿಶ್ವವಿದ್ಯಾಲಯದಿಂದಲೇ ತರಿಸಿ ಓದು. ಈ ಪದವಿಯನ್ನು ಹೆಚ್ಚಿನ ಅರ್ಹತೆಯಾಗಿ ನೋಂದಾಯಿಸಿಕೊಳ್ಳುವರೇ ಎಂದು ನಿನ್ನ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ವಿಚಾರಿಸು. ಕೇಂದ್ರಕ್ಕೆ ಹೋಗುವ ದಿನಗಳ ರಜೆಯನ್ನು ಮೇಲಧಿಕಾರಿಗಳಿಂದ ಬರೆಸಿಕೋ. ಬಾಯಿಮಾತಿನ ರಜೆ ಪರೀಕ್ಷೆಯ ಹೊತ್ತಿಗೆ ಕರಗಿಹೋಗುತ್ತದೆ.

ಮನೆಯವರಿಗೂ ಒಂದು ಮಾತು. ರಾತ್ರಿ ದುಡಿದು ಹಗಲು ಓದುವ ಸೊಸೆ ಮಧ್ಯಾಹ್ನ ಮಲಗಿದರೆ ಅದು ಸೋಮಾರಿತನವಲ್ಲ. ಬಾಗಿಲ ಕರೆಗಂಟೆಯನ್ನು ಎರಡು ತಾಸು ನಿಲ್ಲಿಸಿಡಿ. ನಮ್ಮ ಅತ್ತೆ ಮಾಡಿದ್ದು ಅಷ್ಟೇ. ಕಳೆದ ತಿಂಗಳು ಬಂದ ನನ್ನ ಪದವಿಯಲ್ಲಿ ಅರ್ಧ ಅವರದು.

ನಿಮ್ಮ ಅಕ್ಕ